ಇನ್ನಿಸ್‌ನ ಕೋಲಿನ ಬಳುಕಿನ ವಿಚಾರವಾಗಿ ಅಳತೆಯ ಯಂತ್ರಕ್ಕೆ

ಇಂಚ್‌ಹೇವನ್ ಗಾಲ್ಫ್ ಕ್ಲಬ್ಬಿನ ಸೂಚನಾ ಫಲಕದ ಮುಂದೆ ಒದ್ದೆ ಬೂಟುಗಳನ್ನೂ ಕಳಚದೆ ನಿಂತು ಇದನ್ನು ಓದುತ್ತಿರುವ ಸಮಸ್ತ ಸದಸ್ಯರಿಗೆ ವಂದನೆಗಳು. ಸ್ಕಾಟ್ಲೆಂಡಿನ ಈ ಪೂರ್ವದ ಕಡಲಂಚಿನಲ್ಲಿ, ಮರಳು ದಿಬ್ಬಗಳನ್ನು ಕುರಿಗಳೊಡನೆ ಹಂಚಿಕೊಂಡು ಆಡಿ ನಮಗೆ ಹುಲ್ಲು ಉಳಿಸಿಕೊಟ್ಟ ಹಿರಿಯರಿಗೆ ಕೃತಜ್ಞತೆಗಳು. ಅವರಲ್ಲಿ ಅನೇಕರು ನಾಲ್ಕೇ ಕೋಲುಗಳಲ್ಲಿ ಆಡಿದರು, ಆದರೂ ಮದುವೆಯಾದರು, ಮಕ್ಕಳನ್ನು ಸಾಕಿದರು. ಅವರೆಲ್ಲರ ಅಪ್ಪಣೆ ಪಡೆದು, ನಮ್ಮ ಊರಿನ ಆಟದ ಸಾಮಾನಿನ ಅಂಗಡಿಯ ಹಿಂಕೋಣೆಯಲ್ಲಿ ವಿರಾಜಮಾನರಾಗಿರುವ, ಹೊಡೆತ ನೋಡಿ ಕೋಲು ಸೂಚಿಸುವ ಯಂತ್ರವನ್ನು ಉದ್ದೇಶಿಸಿ ಈ ನಾಲ್ಕು ಮಾತು.

ಮಾನ್ಯ ಯಂತ್ರ ಮಹಾಶಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ಗಾಳಿ ನುಗ್ಗದ, ಮಳೆ ಸೋರದ, ಹಸಿರು ಕಂಬಳಿ ಹಾಸಿದ ಕೋಣೆಯಲ್ಲಿ, ಒಂದೇ ಒಂದು ಚೆಂಡನ್ನೂ ಕಳೆದುಕೊಳ್ಳದೆ ಬಾಳುವವರಿಗೆ ಅಕ್ಷೇಮವೆಂಬುದು ಎಲ್ಲಿಂದ ಬರಬೇಕು?

ಮಾರ್ಚಿನ ಎರಡನೆಯ ಶನಿವಾರ ತಮ್ಮ ಸನ್ನಿಧಿಗೆ ಇನ್ನಿಸ್ ಗೆಡೆಸ್ ಎಂಬ ಹದಿನೇಳರ ಹುಡುಗನನ್ನು ಕರೆತಂದವನು, ಕಿರಿಯರ ವಿಭಾಗದ ಸಂಚಾಲಕ, ಪಿಟ್‌ಕೀತ್ಲಿಯೆಂಬ ನಾನೇ. ಅವನು ಕಲ್ಲುಕುಟಿಗರ ಬಳಿ ಕೆಲಸ ಕಲಿಯುತ್ತಿರುವವನು. ಎತ್ತರ ಆರು ಅಡಿ, ಅಂಗೈ ರೊಟ್ಟಿಯ ಹಂಚಿನಷ್ಟು ಅಗಲ, ಆಟಕ್ಕೆ ಹೊಸಬ. ಆದರೆ ಅವನು ಕೋಲು ಬೀಸುವುದನ್ನು ಕಂಡರೆ ಯಾರೋ ತೊಟ್ಟಿಲು ತೂಗಿದಂತಿರುತ್ತದೆ, ಅಷ್ಟು ನಿಧಾನ, ಅಷ್ಟು ನಯ. ಇಂಥ ಬೀಸನ್ನು ನಲವತ್ತು ವರ್ಷಗಳಲ್ಲಿ ನಾನು ಎರಡು ಸಲ ಮಾತ್ರ ಕಂಡಿದ್ದೇನೆ. ನಮ್ಮ ಕಿರಿಯರ ತಂಡಕ್ಕೆ ಅವನು ಐದನೆಯವನು. ಈ ಶನಿವಾರದ ಮೊದಲ ಪಂದ್ಯದಲ್ಲಿ ಅವನು ಆಡದಿದ್ದರೆ ಈ ವರ್ಷ ನಮಗೆ ತಂಡವೇ ಇಲ್ಲ, ಅವನಿಗೆ ಬಹುಶಃ ಈ ಆಟವೇ ಇಲ್ಲ.

ಅವನು ತಮ್ಮ ಪರದೆಗೆ ಹತ್ತು ಚೆಂಡು ಹೊಡೆದ. ತಾವು ಗೊರಗೊರನೆ ಯೋಚಿಸಿ ಒಂದು ಚೀಟಿ ದಯಪಾಲಿಸಿದಿರಿ. ಅದರಲ್ಲಿ, ಕೋಲಿನ ದಂಡ ಎಷ್ಟು ಬಾಗಬೇಕೆಂದು ಹೇಳುವ ಜಾಗದಲ್ಲಿ, ದಪ್ಪ ಅಕ್ಷರಗಳಲ್ಲಿ, 'ಸೂಕ್ತ ಬಳುಕು: ಮಹಿಳೆಯರದು' ಎಂದಿತ್ತು.

ಹಿಂದೆ ನಿಂತಿದ್ದ, ನಮ್ಮ ಕಿರಿಯರ ತಂಡದವರೇ ಆದ ಡುಗಾಲ್ಡ್ ಮತ್ತವನ ಗೆಳೆಯರು ಇಂಥ ಅಕ್ಷರಗಳನ್ನು ಮಾತ್ರ ತಪ್ಪದೆ ಓದಬಲ್ಲರು. "ಲೋ ಇನ್ನಿಸ್, ನಿಮ್ಮಮ್ಮನ ಗುಲಾಬಿ ಚೀಲ ಇಸ್ಕೊಂಡ್ ಬಾರೋ, ಮ್ಯಾಚ್ ಆಗುತ್ತೆ!" ಎಂದ ಒಬ್ಬ. "ಶನಿವಾರ ಲಂಗ ಹಾಕ್ಕೊಂಡ್ ಬರ್ತೀಯೇನಕ್ಕಾ?" ಎಂದ ಡುಗಾಲ್ಡ್. ಮದುವೆಯೆಂದರೆ ಗಂಡಸರೇ ನೆರಿಗೆಯ ಲಂಗ ತೊಟ್ಟು ಮೊಣಕಾಲು ತೋರಿಸಿಕೊಂಡು ತಿರುಗುವ ಊರು ನಮ್ಮದೆಂಬುದು ಆ ಕ್ಷಣಕ್ಕೆ ಯಾರಿಗೂ ನೆನಪಾಗಲಿಲ್ಲ. ಅಂಗಡಿಯವರು ನಕ್ಕರು. ಹೇಳಿಬಿಡುತ್ತೇನೆ: ನಾನೂ ನಕ್ಕೆ.

ಇನ್ನಿಸ್ ಮಾತ್ರ ನಗಲಿಲ್ಲ. "ಇರೋದ್ರಲ್ಲಿ ಎಲ್ಲಕ್ಕಿಂತ ಬಿಗಿಯಾದ್ದು ಕೊಡಿ," ಎಂದು ಕೇಳಿ, ಚಾಂಪಿಯನ್ನರ ಮುಂಗೈಗೆಂದು ಮಾಡಿದ, ಬಾಗಿಲ ಅಗುಳಿಯಂತೆ ಒಂದಿಷ್ಟೂ ಬಾಗದ, ಡ್ರೈವರ್ ಎಂಬ ದೂರದ ಹೊಡೆತದ ಕೋಲೊಂದನ್ನು ಹೊತ್ತು ನಡೆದ. ಅಂದಿನಿಂದ ಅವನ ಪ್ರತಿಯೊಂದು ಚೆಂಡೂ ಬಲಕ್ಕೆ ವಾಲಿ, ಹಳದಿ ಹೂವಿನ ಮುಳ್ಳುಪೊದೆಗಳಿಗೋ ರೈಲು ಹಳಿಗೋ ಅರ್ಪಿತವಾಯಿತು. ಮೂರು ವಾರವಾದ ಮೇಲೆ ಕೋಲುಗಳನ್ನು ಮಂಚದಡಿಗೆ ತಳ್ಳಿ ನನ್ನೊಡನೆ ಹೇಳಿದ: "ಬಿಡಿ ಸರ್, ನಂಗೆ ಕಲ್ಲೇ ಸಾಕು. ಕಲ್ಲಿನ ಮೇಲೆ ಗಂಡಸ್ರದು, ಹೆಂಗಸ್ರದು ಅಂತ ಯಾರೂ ಬರ್ದಿರಲ್ಲ."

ತಮ್ಮ ಅಳತೆ ತಪ್ಪಿದ್ದರೆ ಈ ಪತ್ರದ ಅಗತ್ಯವೇ ಇರಲಿಲ್ಲ. ತಾವು ಹೇಳಿದ್ದು ಅಕ್ಷರಶಃ ಸರಿ, ಅದೇ ನನ್ನ ದೂರು. ಆ ಹುಡುಗನ ನಿಧಾನದ ಬೀಸಿಗೆ ಬೇಕಾದದ್ದು ಬಳುಕುವ ಕೋಲೇ. ಕ್ಷಣಾರ್ಧದಲ್ಲಿ ಹತ್ತಾರು ಸಂಗತಿ ಅಳೆಯಬಲ್ಲ ತಮಗೆ ಒಂದು ಹೆಸರು ಹುಡುಕುವ ವಿಷಯದಲ್ಲಿ ಮಾತ್ರ ಬಡತನವೇ? ಆದ್ದರಿಂದ ತಮಗೆ ಪಾದಗಳಿದ್ದರೆ ಆ ಪಾದಗಳಲ್ಲಿ ನನ್ನ ವಿನಮ್ರ ಬೇಡಿಕೆಗಳನ್ನಿಡುತ್ತೇನೆ. ಬಳುಕುಗಳಿಗೆ ಮೀನಿನ ಹೆಸರಿಡಿ; ಹೆರಿಂಗ್ ಬಳುಕು ಎಂದರೆ ಈ ಊರಿನಲ್ಲಿ ಯಾರ ಮಾನವೂ ಹೋಗುವುದಿಲ್ಲ. ಏಪ್ರಿಲ್‌ನ ಕಡಲ ಮಂಜು ಕವಿದ ದಿನ ಏಳನೆಯ ಗುಳಿಯ ಬಳಿಗೆ ಒಮ್ಮೆ ನಡೆದು ಬಂದು, ಎದುರುಗಾಳಿಯಲ್ಲಿ ನಿಂತು ಅದೇ ಚೀಟಿಯನ್ನು ಇನ್ನೊಮ್ಮೆ ಮುದ್ರಿಸಿ ತೋರಿಸಿ. ಮತ್ತು ಇನ್ನು ಮುಂದೆ, ಹೊಡೆದವನ ವೇಗದ ಜೊತೆಗೆ ಕೋಣೆಯಲ್ಲಿ ನಕ್ಕವರ ವೇಗವನ್ನೂ ಅಳೆದು, ಹೆಸರು ಸಮೇತ ಅದೇ ಚೀಟಿಯಲ್ಲಿ ಅಚ್ಚೊತ್ತಿ ಕೊಡಿ.

ತಮ್ಮ ಉತ್ತರ ತಡವಾಗಬಹುದೆಂದು ನಮ್ಮ ಕ್ಲಬ್ಬಿನ ಎಫಿ ಗೌರ್ಲೇ ಕಾಯಲಿಲ್ಲ. ಎಪ್ಪತ್ತೊಂದರ ಈ ಮಹಾತಾಯಿ ಬಂದರಿನಲ್ಲಿ ಮೀನು ಮಾರಿ ನಿವೃತ್ತರಾದವರು. ಚೀಲದಲ್ಲಿ ಐದೇ ಕೋಲು, ಐದರಲ್ಲೂ ಅದೇ ಬಳುಕು. ಮಂಗಳವಾರ ಅದರಲ್ಲಿನ ಡ್ರೈವರನ್ನು ಊರುಗೋಲಿನಂತೆ ಊರಿಕೊಂಡು, ಕಲ್ಲಂಗಳದಲ್ಲಿ ಚಹಾ ಕುಡಿಯುತ್ತಿದ್ದ ಇನ್ನಿಸ್‌ನ ಮುಂದೆ ಹೋಗಿ ನಿಂತರು.

"ಏನಪ್ಪಾ ಗಂಡಸೇ, ಇದರ ಮೇಲೂ ಹೆಂಗಸ್ರದು ಅಂತ ಬರ್ದಿದೆ. ಓದೋ ಆಸೆಯಿದ್ರೆ ಸ್ವಲ್ಪ ನಡ್ಕೊಂಡ್ ಬರ್ಬೇಕಾಗುತ್ತೆ. ನನ್ನ ಚೆಂಡು ನಿನ್ನದಕ್ಕಿಂತ ನಲವತ್ತು ಗಜ ಮುಂದಿರುತ್ತೆ."

"ನಗ್ತಾರೆ ಆಂಟಿ."

"ನಗ್ಲಿ ಬಿಡೋ. ನಗೋರು ಹಿಂದೆ ನಿಂತಿರ್ತಾರೆ, ಚೆಂಡು ಮುಂದೆ ಹೋಗುತ್ತೆ."

ಹುಡುಗ ಚಹಾದ ಲೋಟ ಕೆಳಗಿಟ್ಟು ಕೇಳಿದನಂತೆ: "ಪಿಟ್‌ಕೀತ್ಲಿ ಸರ್ ಕೂಡ ನಕ್ರಲ್ಲ ಆಂಟಿ?"

ಅವರು ಕೋಲನ್ನು ಅಲ್ಲೇ ಅವನ ಬಳಿ ಬಿಟ್ಟು, ನೆಟ್ಟಗೆ ನನ್ನ ಮನೆಗೆ ಬಂದು, ಕುಳಿತುಕೊಳ್ಳದೆಯೇ ಈ ಪ್ರಶ್ನೆಯನ್ನು ಒಪ್ಪಿಸಿ ಹೋದರು. ಅದಕ್ಕೆ ನನ್ನ ಬಳಿ ಇರುವ ಉತ್ತರ ಒಂದೇ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಆಟ ಶುರುವಾಗುವ ಮೊದಲ ಕಟ್ಟೆಯ ಮೇಲೆ, ಅದೇ ಅಕ್ಷರಗಳಿರುವ ಕೋಲನ್ನು ಎಲ್ಲರಿಗೂ ಕಾಣುವಂತೆ ಹಿಡಿದು, ದಿನದ ಮೊದಲ ಹೊಡೆತವನ್ನು ನಾನು ಹೊಡೆಯುತ್ತೇನೆ. ನಗುವವರಿಗೆ ಮುಂದಿನ ಸಾಲಿನಲ್ಲಿ ಜಾಗವಿದೆ.

ತಮ್ಮ ನಿಖರತೆಗೆ ಶಿರಬಾಗಿ ನಮಿಸುವ,
ತಮ್ಮ ವಿಶ್ವಾಸಿ,
ಆರ್ಚಿಬಾಲ್ಡ್ ಪಿಟ್‌ಕೀತ್ಲಿ
ಸಂಚಾಲಕ, ಕಿರಿಯರ ವಿಭಾಗ

ಮರೆತ ಮಾತು: ನಿನ್ನೆ ಯಾರಿಗೂ ಹೇಳದೆ ತಮ್ಮ ಬಳಿಗೆ ಬಂದು ನಾನೂ ಹತ್ತು ಚೆಂಡು ಹೊಡೆದೆ. ಅರವತ್ತೆಂಟು ದಾಟಿದ ನನಗೆ ತಾವು 'ಸೂಕ್ತ ಬಳುಕು: ಹತ್ತು ವರ್ಷದೊಳಗಿನ ಮಕ್ಕಳದು' ಎಂಬ ಚೀಟಿ ಕೊಟ್ಟಿರಿ, ಪತ್ರದ ಮೂಲೆಗೆ ಅದನ್ನು ಪಿನ್ನು ಮಾಡಿದ್ದೇನೆ. ಈ ಪತ್ರ ಅಂಟಿಸುತ್ತಿರುವಾಗಲೇ ಇನ್ನಿಸ್ ಬಂದ. ಚೀಟಿ ಓದಿದ. ನಕ್ಕ, ಜೋರಾಗಿಯೇ ನಕ್ಕ. ಆಮೇಲೆ ಕಿವಿಯ ಮೇಲಿದ್ದ ಕಲ್ಲುಕೆಲಸದ ದಪ್ಪ ಪೆನ್ಸಿಲನ್ನು ತೆಗೆದು, ಇದೇ ಫಲಕದಲ್ಲಿರುವ ಶನಿವಾರದ ಆಟಗಾರರ ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೆ ತನ್ನ ಹೆಸರನ್ನೂ, ಅದರ ಮುಂದೆ 'ಮಹಿಳೆಯರದು' ಎಂದೂ ಬಾಗಿಲಿನಿಂದಲೇ ಕಾಣುವಷ್ಟು ದೊಡ್ಡದಾಗಿ ಬರೆದ. ಡುಗಾಲ್ಡ್ ಮತ್ತು ಮಿತ್ರರೇ, ಅದರ ಕೆಳಗಿನ ಸಾಲುಗಳು ಖಾಲಿಯಿವೆ, ಪೆನ್ಸಿಲನ್ನು ಅವನು ಇಲ್ಲಿಯೇ ಬಿಟ್ಟುಹೋಗಿದ್ದಾನೆ. ಮೊದಲು ಯಂತ್ರದ ಬಳಿಗೆ ಹೋಗಿ ನಿಮ್ಮ ನಿಮ್ಮ ಚೀಟಿ ತನ್ನಿ, ಅದರಲ್ಲಿರುವುದನ್ನು ಇದ್ದ ಹಾಗೆ ಬರೆಯಿರಿ, ಆಟ ಶುರುಮಾಡೋಣ.