ಜಾತಕದ ಬದಲು ಎರಡು ಪುಸ್ತಕ

ನನ್ನ ತಂಗಿಯ ಗಂಡನಷ್ಟು ಓದಿಕೊಂಡ ಹೇಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ವಿಶಾಖಪಟ್ಟಣದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಪಾಳಿ ಬದಲಾಗುವ ಸೈರನ್ ಕೂಗಿದರೆ ಇಂದಿಗೂ ಮೊದಲು ಆಕಾಶ ನೋಡುತ್ತಾನೆ, ಆಮೇಲೆ ಗಡಿಯಾರ. ಜಗತ್ತಿನಲ್ಲಿ ಯಾರು ಯಾರೊಡನೆ ಜಗಳವಾಡಿದರೂ ಮೊದಲ ಬಾಂಬು ತನ್ನ ಕ್ವಾರ್ಟರ್ಸಿನ ಕರಿಬೇವಿನ ಗಿಡದ ಮೇಲೆಯೇ ಬೀಳುವುದೆಂದು ಅವನ ನಂಬಿಕೆ.

ಅಂಥವನ ಒಬ್ಬಳೇ ಮಗಳು ನೌಕಾಪಡೆಯ ಹುಡುಗನನ್ನು ಮೆಚ್ಚಬೇಕೆ? ಅದೂ ಜಲಾಂತರ್ಗಾಮಿಯವನನ್ನು! ಹುಡುಗನ ಮನೆಯವರು ಭಾನುವಾರ ಉತ್ತರ ಕೇಳಲು ಬರುವವರಿದ್ದರು. ಬೇರೆಯವರಾದರೆ ಜಾತಕ ತೋರಿಸುತ್ತಿದ್ದರು. ಇವನು ರೈಲು ಹತ್ತಿ ವಿಜಯವಾಡಕ್ಕೆ, ನಮ್ಮ ಮನೆಗೆ ಬಂದ. ಹುಡುಗನ ಆಯುಸ್ಸು ತಿಳಿಯಲು ಅಂತರರಾಷ್ಟ್ರೀಯ ರಾಜಕೀಯದ ಪುಸ್ತಕ ಬೇಕಂತೆ.

ಹಿಂದೆಯೇ ತಂಗಿಯ ಫೋನು. "ಅಣ್ಣಾ, ಇವರು ಬೇಡ ಅಂದ್ರೆ ಅವಳು ಎದುರು ಮಾತಾಡಲ್ಲ. ಸುಮ್ಮನೆ ಒಪ್ಕೊಂಡುಬಿಡ್ತಾಳೆ. ನನಗೆ ಅದೇ ಭಯ."

ಬ್ಯಾಂಕಿನಿಂದ ನಿವೃತ್ತನಾದರೂ ಹೊತ್ತಿಗೆ ಸರಿಯಾಗಿ ತಿಂಡಿ ಮುಗಿಸುವವನು ನಾನು. ಅಂದು ಇಡ್ಲಿಯನ್ನು ಅರ್ಧಕ್ಕೇ ಬಿಟ್ಟು ಇವನ ಜೊತೆ ಹೊರಟೆ.

ನಮ್ಮೂರ ಗವರ್ನರ್‌ಪೇಟೆಯ ಪುಸ್ತಕದಂಗಡಿಯಲ್ಲಿ ಆರಿಸಿ ಆರಿಸಿ ಕೊನೆಗೆ ಎರಡು ಪುಸ್ತಕ ಉಳಿದವು. ರಾಷ್ಟ್ರಗಳು ಬಡಿದಾಡುವುದು ತಪ್ಪದು ಎನ್ನುತ್ತದೆ ಒಂದು. ವ್ಯಾಪಾರ ಬೆಳೆದರೆ ಯುದ್ಧ ಕಡಿಮೆಯಾಗುತ್ತದೆ ಎನ್ನುತ್ತದೆ ಇನ್ನೊಂದು. ಇವನು ಎರಡನ್ನೂ ಅಂಗೈಯಲ್ಲಿ ತೂಗಿದ.

"ಹೆದರಿಸೋದೇ ದಪ್ಪ ಇದೆ ಭಾವ. ಅಡಿಟಿಪ್ಪಣಿನೂ ಜಾಸ್ತಿ."

"ತೆಳ್ಳಗಿರೋದನ್ನೇ ತಗೋ. ಸಮಾಧಾನಕ್ಕೆ ಅಷ್ಟೊಂದು ಸಾಕ್ಷಿ ಯಾಕೆ?"

ಅಂಗಡಿಯಾತ ಬಹಳ ಹೊತ್ತು ನೋಡಿ, "ಪರೀಕ್ಷ ಎವರಿಕಂಡಿ, ಬಾಬುಕಾ ಪಾಪಕಾ?" ಎಂದ. ಪರೀಕ್ಷೆ ಮಗನಿಗೋ ಮಗಳಿಗೋ ಎಂದು ಅವನ ಪ್ರಶ್ನೆ.

"ನಾಕೇ" ಎಂದ ನಮ್ಮವನು. ನನಗೇ. ಅವನ ಮುಖ ಕಂಡು ನನ್ನ ನಗೆ ಅಲ್ಲೇ ನಿಂತಿತು. ಎರಡನ್ನೂ ಕೊಂಡ.

ಒಬ್ಬನನ್ನೇ ಕಳಿಸಲು ಧೈರ್ಯವಾಗದೆ ನಾನೂ ಜೊತೆಗೆ ಹೊರಟೆ. ದಾರಿಯುದ್ದಕ್ಕೂ ಇವನು ದಪ್ಪ ಪುಸ್ತಕದಿಂದ ತಲೆ ಎತ್ತಲಿಲ್ಲ. ಗೋದಾವರಿ ಬಂದಾಗ ಎಲ್ಲರೂ ನದಿಗೆ ಕೈಮುಗಿದರೆ, ಇವನು ಸೇತುವೆಗೆ ಕಾವಲಿದೆಯೇ ಎಂದು ಇಣುಕಿದ. ಆಗಲೇ ನಾನು ಆಸೆ ಬಿಟ್ಟೆ. ಆ ಹುಡುಗಿಯ ಮುಖ ಹೇಗೆ ನೋಡಲಿ?

ಭಾನುವಾರ ನಾವು ಮನೆ ಮುಟ್ಟಿದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. ಹುಟ್ಟಿ ಬೆಳೆದದ್ದೆಲ್ಲ ವಿಶಾಖಪಟ್ಟಣದಲ್ಲೇ, ಅಪ್ಪನನ್ನು ಕರೆಯುವುದೂ ತೆಲುಗಿನಲ್ಲೇ.

"ನಾನ್ನಾ, ಪುಸ್ತಕ ಏನಂತು?"

ಇವನು ತೆಳ್ಳನೆಯದನ್ನು ತೆಗೆದು ಅವಳ ಕೈಗಿಟ್ಟ. "ಇಟ್ಕೋ. ಅವನು ಸಮುದ್ರಕ್ಕೆ ಹೋದಾಗ ಓದೋಕಾಗುತ್ತೆ."

ಅವಳಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಮೆಲ್ಲಗೆ, "ಆ ದಪ್ಪದ್ದು?" ಎಂದಳು.

ಅದನ್ನು ಅವನು ಕಂಕುಳಲ್ಲಿ ಒತ್ತಿ ಹಿಡಿದುಕೊಂಡ.

"ಅದು ನಂದು. ಹೆದರೋದನ್ನ ನಾನು ನೋಡ್ಕೋತೀನಿ. ನೀನು ಸೀರೆ ಉಟ್ಕೋ ಹೋಗು, ಅವರು ಬರೋ ಹೊತ್ತಾಯ್ತು."