ಮೇಲಿನ ಖೋಲಿಯ ಗಾಳಿ

ಇಲ್ಲದ್ದನ್ನು ಹುಡುಕುವಾಗ ಮನುಷ್ಯನಿಗಿರುವ ಹುರುಪು ಇದ್ದದ್ದನ್ನು ಹುಡುಕುವಾಗ ಇರುವುದಿಲ್ಲ. ನಮ್ಮ ಮನೆಯಲ್ಲಿ ನನ್ನ ಚಷ್ಮಾ ಕಳೆದರೆ ಯಾರೂ ತಲೆ ಎತ್ತುವುದಿಲ್ಲ. ಕಾಲೇಜಿಗೆ ಹೋಗುವ ಮಗಳು ಗಿರಿಜಾ ದೆವ್ವ ಹುಡುಕುವುದಕ್ಕಾದರೆ ಊಟ ಬಿಟ್ಟು ಕೂರುತ್ತಾಳೆ. ಕಂಪ್ಯೂಟರಿನಲ್ಲಿ ಅವಳದೊಂದು ಆಟವಿದೆ. ಸೋಲಿಲ್ಲ, ಗೆಲುವಿಲ್ಲ; ಚೌಕ ಚೌಕದ ಇಟ್ಟಿಗೆ ಪೇರಿಸಿ ಮನಸ್ಸಿಗೆ ಬಂದದ್ದನ್ನು ಕಟ್ಟುತ್ತ ಹೋಗುವುದು. ಅವಳು ಗಜೇಂದ್ರಗಡದ ನಮ್ಮ ಮನೆಯನ್ನೇ ಕಟ್ಟಿಟ್ಟಿದ್ದಳು: ಪಡಸಾಲೆಯ ಮಗ್ಗ, ಮೇಲಿನ ಖೋಲಿ, ನನ್ನ ಆರಾಮ ಕುರ್ಚಿ ಕೂಡ. ನೋಡಿ ಹೆಮ್ಮೆಪಟ್ಟಿದ್ದೆ. ಆ ಆಟ ತಯಾರಿಸಿದವರಿಗೆ ಏನು ಬುದ್ಧಿ ಬಂತೋ, ಅದರಲ್ಲಿ ದೆವ್ವ ಹಿಡಿಯುವ ಸಾಮಾನು ಸೇರಿಸಿಬಿಟ್ಟರು.

ಒಂದು ಡಬ್ಬಿ, ದೆವ್ವ ಹತ್ತಿರ ಬಂದರೆ ಟಿಕ್ ಟಿಕ್ ಅನ್ನುತ್ತದೆ. ಇನ್ನೊಂದು ಥಂಡಿ ಅಳೆಯುವುದು. ದೆವ್ವ ಇದ್ದಲ್ಲಿ ತಣ್ಣಗಿರುತ್ತದಂತೆ. ಹಾಗಿದ್ದರೆ ಬೇಸಿಗೆಯಲ್ಲಿ ನಮ್ಮ ಊರವರು ದೆವ್ವಕ್ಕೆ ತಾಂಬೂಲ ಕೊಟ್ಟು ಕರೆದು ತರುತ್ತಿದ್ದರು. ಮತ್ತೊಂದು ರೇಡಿಯೋ, ಅದರಲ್ಲಿ ದೆವ್ವ ಮಾತಾಡುತ್ತದೆ, ಅದೂ ಇಂಗ್ಲಿಷಿನಲ್ಲಿ. ನಮ್ಮ ಕಡೆಯದಾಗಿದ್ದರೆ ಮೊದಲು "ಚಾ ಆತೇನ್ರಿ?" ಅಂತ ಕೇಳುತ್ತಿತ್ತು. ಸತ್ತ ಮೇಲೂ ಇಂಗ್ಲಿಷ್ ಕಲಿಯಬೇಕಾದರೆ ಸಾಯುವುದಾದರೂ ಯಾಕೆ?

ಹೀಗೆ ನಗುತ್ತಲೇ ಇರುತ್ತಿದ್ದೆ, ಈರಣ್ಣನ ಫೋನು ಬರದಿದ್ದರೆ. ಈರಣ್ಣ ನನ್ನ ಹೆಂಡತಿಯ ತಮ್ಮ, ನರೇಗಲ್ಲಿನವನು. ನಮ್ಮ ಊರಲ್ಲಿ ಅಂಗಡಿ ಹಾಕುತ್ತಾನಂತೆ, ನಮ್ಮ ಮೇಲಿನ ಖೋಲಿಯಲ್ಲಿ ಇರುತ್ತಾನಂತೆ. ಅವನು ಬಾಯಿ ತೆರೆದರೆ ಮುಚ್ಚುವುದಿಲ್ಲ. ಮುಚ್ಚಿದನೆಂದರೆ ಒಳಗೆ ನನ್ನ ಪಾಲಿನ ಹೋಳಿಗೆ ಇದೆಯೆಂದು ಅರ್ಥ. ಹೆಂಡತಿಯ ಎದುರು "ಬೇಡ" ಅನ್ನುವ ಧೈರ್ಯ ನನಗಿಲ್ಲ. ಅವನು ಬರುವುದರೊಳಗೆ ಖೋಲಿಯನ್ನು ಬಾಡಿಗೆಗೆ ಕೊಟ್ಟುಬಿಟ್ಟರೆ ನಾನು ಬದುಕಿಕೊಂಡೆ ಅಂದುಕೊಂಡೆ.

ಶಿರೋಳದ ಮಾಸ್ತರರೊಬ್ಬರು ತಾಯಿಯನ್ನು ಕರೆದುಕೊಂಡು ಖೋಲಿ ನೋಡಲು ಬಂದರು. ಚಲೋ ಜನ, ಮಾತು ಕಡಿಮೆ. ಕಿಟಕಿಯಿಂದ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ತೋರಿಸುತ್ತಿದ್ದೆ, ಅಷ್ಟರಲ್ಲಿ ಕೆಳಗಿನಿಂದ ಗಿರಿಜಾ ಕೂಗಿದಳು: "ಅವ್ವಾ, ಮ್ಯಾಲಿನ ಖೋಲ್ಯಾಗ ದೆವ್ವ ಸಿಕ್ತು ನೋಡು, ಮೂಲ್ಯಾಗ ನಿಂತೈತಿ." ಮಾಸ್ತರರ ತಾಯಿ ಮೂಲೆ ನೋಡಿದರು. ನಾನು ಗಡಬಡಿಸಿ ಅಂದೆ: "ಅದು ಆಟ್ರೀ ಅವ್ವಾರ. ಈ ಖೋಲ್ಯಾಗ ಇರೂದು ಬರೇ ಗಾಳಿ. ಕಿಡಕಿ ತಗದ್ರ ಸಾಕ್ರಿ, ಸೀದಾ ಮೈಮ್ಯಾಲೇ ಬರತೈತಿ."

ನಮ್ಮ ಸೀಮೆಯಲ್ಲಿ ಗಾಳಿ ಅಂದರೆ ಬೀಸುವುದೂ ಹೌದು, ಬಡಿದುಕೊಳ್ಳುವ ದೆವ್ವವೂ ಹೌದು. ಹುಟ್ಟಿದಾಗಿನಿಂದ ಇದೇ ಕನ್ನಡ ಆಡಿದ ನನಗೆ ಅದು ಆಗಲೇ ಮರೆಯಬೇಕೆ? ಆಕೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಯಾವಾಗಿನಿಂದ ಐತ್ರಿ ಅಂತ ಮೆಲ್ಲಗೆ ಕೇಳಿದರು. ನಮ್ಮ ಅಜ್ಜನ ಕಾಲದಿಂದ ಅಂದೆ, ಅಭಿಮಾನದಿಂದ. ಚಾ ಇನ್ನೂ ಒಲೆಯ ಮೇಲಿತ್ತು, ಅವರು ಓಣಿ ದಾಟಿದ್ದರು.

ಈರಣ್ಣ ಬಂದ. ದೆವ್ವದ ಸುದ್ದಿ ಅಷ್ಟರಲ್ಲಿ ಓಣಿಯೆಲ್ಲ ಹಬ್ಬಿತ್ತು. ನಾನೂ ಉಪ್ಪು ಖಾರ ಹಚ್ಚಿ ಹೇಳಿದೆ, ಹೆದರಿ ಹೋದಾನು ಅಂತ. "ಇರಲಿ ಬಿಡ್ರಿ ಮಾಮಾ, ಮಾತಾಡಾಕ ಜೋಡಿ ಆತು" ಅನ್ನುತ್ತ ಟ್ರಂಕು ಹೊತ್ತು ಮೇಲೇರಿದ. ಮರುದಿನ ಗಿರಿಜಾ, ಆಟದಲ್ಲಿ ಮೇಲಿನ ಖೋಲಿಯ ಡಬ್ಬಿ ಸುಮ್ಮನಾಗಿದೆ ಅಂದಳು. ಪಾಪ, ದೆವ್ವಕ್ಕೂ ಕಿವಿ ಇರುತ್ತವಲ್ಲ.

ಈಗ ಆರಾಮ ಕುರ್ಚಿ ಈರಣ್ಣನದು, ಟೀವಿಯ ರಿಮೋಟು ಅವನದು, ಒಲೆಯಿಂದ ಇಳಿದ ಮೊದಲ ರೊಟ್ಟಿಯೂ ಅವನದೇ. ನಾನು ನನ್ನ ಮನೆಯಲ್ಲೇ ಗೋಡೆ ಹಿಡಿದು ಅಡ್ಡಾಡುತ್ತೇನೆ, ಆಗಾಗ ಕೆಮ್ಮುತ್ತೇನೆ. ಯಾರೂ ತಿರುಗಿ ನೋಡುವುದಿಲ್ಲ. ನಿನ್ನೆ ಸಂಜೆ ಮಗಳ ಬೆನ್ನ ಹಿಂದೆ ನಿಂತು ಆಟ ನೋಡುತ್ತಿದ್ದೆ. ಆಟದ ಪಡಸಾಲೆಯಲ್ಲಿ ಡಬ್ಬಿ ಟಿಕ್ ಟಿಕ್ ಅಂತು.

"ಅವ್ವಾ, ಮ್ಯಾಲಿಂದು ಕೆಳಗ ಇಳದು ಬಂದೈತಿ" ಅಂದಳು ಗಿರಿಜಾ. "ಕುಂಡ್ರಾಕ ಜಾಗಾ ಇಲ್ದ ಸುಮ್ನ ಅಡ್ಡಾಡಾಕತ್ತೈತಿ."

ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು: "ಸರಿಯಾಗಿ ನೋಡು, ನಿಮ್ಮಪ್ಪ ಇರಬೇಕು."