ಎಸ್ತೇರಬಾಯಿಯ ಬೈಬಲ್ಲು ಮತ್ತು ಹೂರಣದ ಹೋಳಿಗೆ

ಪಾಸ್ಟರ್ ಕೇಳಿದ್ದು ಚರ್ಚಿನ ಅಂಗಳದಲ್ಲಿ ಚಹಾ ಕುಡಿಯುತ್ತ, ಮಾತಿಗೆ ಮಾತು ಅಂತ. ಜೀವರತ್ನ ಅದಕ್ಕೆ ಉತ್ತರ ಕೊಟ್ಟದ್ದೇ ತಪ್ಪಾಯಿತು.

"ಅಮ್ಮಾರ ಬೈಬಲ್ ಈಗ ಯಾರ ಬಲ್ಲಿ ಅದರಿ?"

"ನನ್ನ ಬಲ್ಲೇ ಅದರಿ. ದಿನಾ ಕೋಳಿ ಕೂಗೂದ್ರಾಗ ಎದ್ದು ಓದ್ತೇನಿ."

ನಿಜ ಹೇಳಬೇಕೆಂದರೆ, ಕೋಳಿ ಕೂಗುವ ಹೊತ್ತಿಗೆ ಜೀವರತ್ನ ಬೀದರಿನ ನೌಬಾದದ ತನ್ನ ಮನೆಯಲ್ಲಿ ಕೌದಿ ಹೊದ್ದು ಕೋಳಿಯನ್ನೇ ಹೆದರಿಸುವಂತೆ ಗೊರಕೆ ಹೊಡೆಯುತ್ತಿದ್ದ. ಪಶು ಆಸ್ಪತ್ರೆಯಲ್ಲಿ ಗುಮಾಸ್ತನಾಗಿದ್ದ ಅವನು ಓದುತ್ತಿದ್ದುದು ಎಮ್ಮೆಗಳಿಗೆ ಕೊಟ್ಟ ಔಷಧಿಯ ಹೆಸರುಗಳನ್ನು ಮಾತ್ರ. ಆದರೆ ಅವನ ತಾಯಿ ಎಸ್ತೇರಬಾಯಿ ಬೇರೆಯೇ. ಚರ್ಚಿನವರು ಆಕೆಗೆ ಕೊಟ್ಟ ಕೆಲಸ ಹಳ್ಳಿಹಳ್ಳಿಗೆ ಹೋಗಿ ಹೆಂಗಸರಿಗೆ ಬೈಬಲ್ ಓದಿ ಹೇಳುವುದು. ದಿಂಬಿನಷ್ಟು ದಪ್ಪ ಪುಸ್ತಕವನ್ನು ಬಗಲಲ್ಲಿ ಇಟ್ಟುಕೊಂಡು ಭಾಲ್ಕಿಯಿಂದ ಔರಾದದವರೆಗೆ, ಸೀರೆಯ ಅಂಚಿಗೆ ಕೆಂಪು ಧೂಳು ಹತ್ತಿಸಿಕೊಂಡು, ಜೀವಮಾನವಿಡೀ ತಿರುಗಿದಾಕೆ. ಜನರ ಬಾಯಲ್ಲಿ ಆಕೆ 'ಪುಸ್ತಕದ ಬಾಯಿ'. ತೀರಿಕೊಂಡು ವರ್ಷವಾಗಿತ್ತು.

ಪಾಸ್ಟರರ ಕಣ್ಣು ಒದ್ದೆಯಾಯಿತು. "ಹಂಗಾದ್ರ ಶನಿವಾರ ಸಂಜೀಕ ಅಮ್ಮಾರ ನೆನಪಿನ ಪ್ರಾರ್ಥನಿ ಇಡೋಣು. ಅದೇ ಬೈಬಲ್ ತಗೊಂಡ್ ಬರ್ರಿ. ಎಲ್ಲಾರ ಮುಂದ ನೀವೇ ಓದ್ರಿ."

ಜೀವರತ್ನ ಬಾಯಲ್ಲಿದ್ದ ಚಹಾ ನುಂಗುವುದರೊಳಗೆ ಪಾಸ್ಟರ್ ಆ ಮಾತನ್ನು ಸುತ್ತ ನಿಂತವರಿಗೆಲ್ಲ ಸಾರಿಯಾಗಿತ್ತು.

ಶನಿವಾರ ಬೆಳಿಗ್ಗೆ ಅವನು ಕುರ್ಚಿ ಹತ್ತಿ ಅಲಮಾರಿಯ ಮೇಲೆ ಕೈಯಾಡಿಸಿದ. ಕೆಟ್ಟ ಟೇಬಲ್ ಫ್ಯಾನು ಸಿಕ್ಕಿತು, ಕ್ರಿಸ್ಮಸ್ಸಿನ ಹರಿದ ನಕ್ಷತ್ರ ಸಿಕ್ಕಿತು, ತಲೆಯ ಮೇಲೆ ಒಂದು ಹಲ್ಲಿ ಬಿತ್ತು. ಬೈಬಲ್ಲಿಲ್ಲ.

"ಸಲೋಮೀ, ಅವ್ವನ ಬೈಬಲ್ ಎಲ್ಲದ?"

ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅದು ಮನಿ ಬಿಟ್ಟು ಹೋಗಿ ನಾಕ್ ತಿಂಗಳಾತು. ದಿನಾ ಓದವ್ರಿಗಿ ಗೊತ್ತಾಗಿಲ್ಲೇನ್ರಿ?"

ಹಿತ್ತಲಿನ ಗಿಡ್ಡ ಗೋಡೆಯಾಚೆಯಿಂದ ನೆರೆಮನೆಯ ಅನುಸೂಯಾಬಾಯಿಯ ತಲೆ ಮೇಲೆದ್ದಿತು. ಆ ಗೋಡೆ ಇದ್ದದ್ದೇ ಆಕೆಯ ಗಲ್ಲ ಊರುವುದಕ್ಕೆ. "ಅಣ್ಣಾರ, ನಾನೇ ಒಯ್ದೇನ್ರಿ. ಭಾಲ್ಕ್ಯಾಗ ನಮ್ಮವ್ವ ಬಚ್ಚಲದಾಗ ಜಾರಿ ಬಿದ್ದು ಸೊಂಟ ಮುರ್ಕೊಂಡಿದ್ಳು. 'ಪುಸ್ತಕದ ಬಾಯಿನ್ನ ಕರೀರಿ' ಅಂತ ಒಂದೇ ಹಟ. ಬಾಯಿನ್ನ ಎಲ್ಲಿಂದ ತರೂದ್ರಿ? ಅದಕ್ಕೇ ಪುಸ್ತಕ ಕಳ್ಸಿದ್ವಿ. ಹೋಗಿ ಬರ್ರಿ, ಬಸ್ ಸ್ಟ್ಯಾಂಡ್ ಹಿಂದೇ ನಮ್ಮ ತವರಮನಿ."

ತಡವಾದರೆ ಸೀದಾ ಚರ್ಚಿಗೇ ಬರಲಿ ಎಂದು ಸಲೋಮಿ ಗಂಡನಿಗೆ ಇದ್ದುದರಲ್ಲಿ ಒಳ್ಳೆಯ ಬಿಳಿ ಅಂಗಿಯನ್ನೇ ತೊಡಿಸಿ ಕಳಿಸಿದಳು.

ಭಾಲ್ಕಿಯ ಆ ಮನೆಯ ಅಂಗಳದಲ್ಲಿ ಅನುಸೂಯಾಬಾಯಿಯ ತಾಯಿ ಕೌಸಲ್ಯಾಬಾಯಿ ಹೊರಸಿನ ಮೇಲೆ ಕೂತು ಕೋಲಿನಿಂದ ಕೋಳಿ ಓಡಿಸುತ್ತಿದ್ದಳು. ಸೊಂಟ ಕೂಡಿತ್ತು, ದನಿಯಂತೂ ಮುರಿದೇ ಇರಲಿಲ್ಲ.

"ಪುಸ್ತಕದ ಬಾಯಿ ಮಗಾ ಬಂದಾನ್ರೋ!"

ಆ ಕೂಗಿಗೆ ಓಣಿಯ ಅರ್ಧ ಜನ ಅಂಗಳಕ್ಕೆ ಬಂದು ನಿಂತರು. ಪುಸ್ತಕ ಮಾತ್ರ ಅಲ್ಲಿರಲಿಲ್ಲ. ಔರಾದದ ಬಳೆಗಾರ್ತಿ ಬಿಸ್ಮಿಲ್ಲಾಬೀ ಹೋದ ತಿಂಗಳು ಬಂದವಳು, "ನನ್ನ ಗೆಳತಿದು, ಸ್ವಲ್ಪ ದಿನ ನನ್ನ ಬಲ್ಲಿ ಇರ್ಲಿ" ಎಂದು ಎತ್ತಿಕೊಂಡು ಹೋಗಿದ್ದಳು. ಜೀವರತ್ನ ಬಂದ ಕಾಲಲ್ಲೇ ತಿರುಗಿದ. ಕೌಸಲ್ಯಾಬಾಯಿ ಕೋಲು ಅಡ್ಡ ಹಿಡಿದಳು.

"ಎಲ್ಲಿಗಿ ಹೊಂಟಿ ತಮ್ಮಾ? ಕೂಡು. ನನ್ನ ಮಕ್ಕಳು ನೋಡು, ವೀರಭದ್ರ ಆ ಕಟ್ಟೀಗಿ, ಶಿವರಾಜಪ್ಪ ಈ ಕಟ್ಟೀಗಿ. ನಡುವಿನ ನುಗ್ಗಿಗಿಡ ಯಾರದು ಅಂತ ಜಗಳಾ ಮಾಡ್ಕೊಂಡು ಮಳಿಗಾಲದಿಂದ ಮಾತಿಲ್ಲ. ನಿಮ್ಮವ್ವ ಇದ್ದಿದ್ರ ಇಬ್ರಿಗೂ ಕೂಡ್ಸಿ, ಮನಿ ಬಿಟ್ಟು ಹೋದ ಮಗನ ಕತಿ ಹೇಳ್ತಿದ್ಳು. ಆಕಿ ಇಲ್ಲ. ನೀ ಹೇಳು."

ಆ ಕತೆಯನ್ನು ಜೀವರತ್ನ ಕೇಳಿದ್ದು ಚಿಕ್ಕಂದಿನ ಸಂಡೇ ಸ್ಕೂಲಿನಲ್ಲಿ, ಅದೂ ಹೊಟ್ಟೆ ಹಸಿದಿದ್ದಾಗ. ಆದರೂ ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಬೈಬಲ್ಲಿನ ಬೇರೆಬೇರೆ ಕತೆಗಳು ಕಲಸಿಹೋದ ಅವನ ಕತೆಯಲ್ಲಿ ಕಿರಿಯ ಮಗನಿಗೆ ತಂದೆ ಬಣ್ಣಬಣ್ಣದ ಅಂಗಿ ಹೊಲಿಸಿದ. ಅಣ್ಣ ಅವನನ್ನು ಬಾವಿಗೆ ನೂಕಿದ. ಬಾವಿಯಿಂದ ಎದ್ದವನು ಹಂದಿ ಕಾಯಲು ಹೋದ. ಅಲ್ಲಿಗೆ ಮೀನು ಹೇಗೆ ಬಂದು ಅವನನ್ನು ನುಂಗಿತು ಎಂಬುದು ಜೀವರತ್ನನಿಗೇ ತಿಳಿಯಲಿಲ್ಲ. ಕೇಳುವವರ ಹುಬ್ಬುಗಳು ಮೇಲೇರುತ್ತಿದ್ದುದನ್ನು ಕಂಡು, ಹೇಗಾದರೂ ದಡ ಮುಟ್ಟೋಣವೆಂದು ಕತೆಯ ಬಾಲಕ್ಕೆ ಹಾರಿದ.

"ಕಡೀಕ ಮಗಾ ಮನಿಗಿ ಬಂದ್ರಿ. ಅಪ್ಪ ಓಡಿ ಬಂದು ಅಪ್ಪಿಕೊಂಡು, ಆಳುಗಳಿಗಿ ಹೇಳ್ದ, 'ಕೊಬ್ಬಿದ ಕರಾ ಕೊಯ್ರಿ, ಹಬ್ಬಾ ಮಾಡೋಣು!'"

ಕೊಟ್ಟಿಗೆಯೊಳಗಿನ ಕರು ಸರಿಯಾಗಿ ಆಗಲೇ "ಅಂಬಾ" ಅಂದಿತು.

"ಏನ್ ಕೊಯ್ರಿ ಅಂದ?" ವೀರಭದ್ರ ಕಟ್ಟೆ ಇಳಿದ.

"ಲಿಂಗಾ ಕಟ್ಟಿದವ್ರ ಅಂಗಳದಾಗ ಕುಂತು ಇಂಥಾ ಮಾತಾ?" ಶಿವರಾಜಪ್ಪನೂ ಇಳಿದ. "ಅಣ್ಣಾ, ನೀ ಸುಮ್ನಿರು, ನಾ ಕೇಳ್ತೇನಿ."

"ಇಬ್ರೂ ಕೂಡೇ ಕೇಳೋಣು ತಮ್ಮಾ," ಅಂದ ವೀರಭದ್ರ.

ಕೌಸಲ್ಯಾಬಾಯಿ ಕೋಲಿನಿಂದ ನೆಲ ಕುಟ್ಟಿದಳು. "ಸುಳ್ಳ ಯಾಕ ಹೇಳ್ತಿ? ನಿಮ್ಮವ್ವನ ಬಾಯಿಲೇ ನಾ ನೂರು ಸಲ ಕೇಳೇನಿ. ಮಗಾ ಬಂದಾಗ ಅಪ್ಪ ಹೋಳಿಗಿ ಮಾಡ್ಸಿದ. ಮ್ಯಾಲ ತುಪ್ಪ."

"ಹೋಳಿಗೀರಿ?"

"ಹೂರಣದ್ದು."

ಜೀವರತ್ನ ಎದುರಿಗೆ ನಿಂತ ಇಬ್ಬರು ಅಣ್ಣತಮ್ಮಂದಿರ ಎಂಟು ಅಡಿ ಅಗಲದ ಎದೆಗಳನ್ನು ನೋಡಿದ. "ಹೌದ್ರಿ. ಹೋಳಿಗೀನೇರಿ. ನಂಗ ಮರ್ತಿತ್ತು," ಅಂದ. ಆಮೇಲೆ ಅವನಿಗೆ ನಿಜವಾಗಿಯೂ ಹೋಳಿಗೆ ಬಡಿಸಿದರು. ಅಣ್ಣತಮ್ಮಂದಿರಿಬ್ಬರೂ ಜೊತೆಗೂಡಿ ಬಸ್ ಸ್ಟ್ಯಾಂಡಿನವರೆಗೆ ಬಂದು, ಬಸ್ಸು ಹೊರಡುವವರೆಗೂ ಕದಲದೆ ನಿಂತರು. ಅದು ಮರ್ಯಾದೆಯೋ ಕಾವಲೋ, ಜೀವರತ್ನನಿಗೆ ತಿಳಿಯಲಿಲ್ಲ.

ಔರಾದದಲ್ಲಿ ಬಿಸ್ಮಿಲ್ಲಾಬೀಯ ಮನೆ ಸಿಕ್ಕಾಗ ಬಾಗಿಲು ತೆರೆದಿತ್ತು, ಒಳಗಿಂದ ಯಾರೋ ಚೀರುತ್ತಿದ್ದರು. ಚೀರುತ್ತಿದ್ದುದು ಆಡು. ಅದರ ತಲೆಯ ಬಳಿ ಬಿಸ್ಮಿಲ್ಲಾಬೀ, ಬಾಲದ ಬಳಿ ಆಕೆಯ ಗಂಡ ಉಸ್ಮಾನ ಮಿಯಾ. ಇಬ್ಬರ ಮುಖದಲ್ಲೂ ಹೆರುತ್ತಿದ್ದ ಆಡಿಗಿಂತ ಹೆಚ್ಚಿನ ಸಂಕಟ.

"ನಾನ್ರೀ, ಎಸ್ತೇರಬಾಯಿ ಮಗಾ. ಪುಸ್ತಕ—"

"ಯಾ ಅಲ್ಲಾ! ದನದ ದವಾಖಾನಿದಾಗ ಇರೋನು ನೀನೇ ಅಲ್ಲೇನು? ಬಾಯಿ ಹೇಳ್ತಿದ್ಳು. ಮ್ಯಾಲಿನವ್ನೇ ಕಳ್ಸ್ಯಾನ! ಬಾ ಬೇಟಾ, ಕೂಡು!"

"ಚಾಚೀ, ನಾ ಅಲ್ಲಿ ಬರಿಯೋ ಕೆಲ್ಸಾ ಅಷ್ಟೇ ಮಾಡ್ತೇನ್ರಿ."

"ಆಮ್ಯಾಲ ಬರೀ. ಈಗ ಕಾಲ್ ಹಿಡಿ."

ಹಿಡಿದ. ಒದೆಸಿಕೊಂಡ. ಕಣ್ಣು ಮುಚ್ಚಿ ಎಳೆದ. ಸ್ವಲ್ಪ ಹೊತ್ತಿನಲ್ಲಿ ಎರಡು ಮರಿಗಳು ತಾಯಿಯ ಪಕ್ಕ ನಡುಗುತ್ತ ನಿಂತಿದ್ದವು. ಜೀವರತ್ನನೂ ನಡುಗುತ್ತಲೇ ನಿಂತಿದ್ದ. ಸಲೋಮಿಯ ಇಸ್ತ್ರಿ ಮಾಡಿದ ಬಿಳಿ ಅಂಗಿ ಮಾತ್ರ ಕಸಾಯಿಖಾನೆಯ ಪರದೆಯಂತೆ ಕಾಣುತ್ತಿತ್ತು.

ಉಸ್ಮಾನ ಮಿಯಾ ಸಂತೋಷದಿಂದ ಪೆಟ್ಟಿಗೆ ತೆಗೆದು ತನ್ನ ಮದುವೆಯ ಶೇರ್ವಾನಿಯನ್ನೇ ತಂದ. ಮಿಯಾ ಆಳು ಆಲದ ಮರದಂತಿದ್ದ, ಜೀವರತ್ನ ನುಗ್ಗೆಕಾಯಿಯಂತಿದ್ದ. ಶೇರ್ವಾನಿ ಅವನ ಮೊಣಕಾಲು ದಾಟಿತು, ತೋಳು ಬೆರಳ ತುದಿ ದಾಟಿತು. ಮೈತುಂಬ ಬಂಗಾರದ ಬಣ್ಣದ ಕಸೂತಿ.

ಆಮೇಲೆ ಬಿಸ್ಮಿಲ್ಲಾಬೀ ಕೈಕಾಲು ತೊಳೆದು, ಗೂಡಿನಲ್ಲಿದ್ದ ಹಸಿರು ಬಟ್ಟೆಯ ಗಂಟನ್ನು ಎರಡೂ ಕೈಯಿಂದ ತಂದಳು. ಕೊಡುವ ಮುನ್ನ ಒಮ್ಮೆ ಎದೆಗೆ ಒತ್ತಿಕೊಂಡಳು.

"ನಾ ಬಳಿ ಬುಟ್ಟಿ ಹೊತ್ಕೊಂಡು, ಆಕಿ ಇದು ಹೊತ್ಕೊಂಡು. ಯಾವ ಮನ್ಯಾಗ ಆಕೀಗಿ ಬಾಗ್ಲಾ ತೆಗೀತಿರ್ಲಿಲ್ಲೋ, ಅಲ್ಲಿ ನಾ ಮೊದ್ಲು ಹೋಗಿ 'ಬಳಿ' ಅಂತ ಕೂಗ್ತಿದ್ದೆ. ಬಾಗ್ಲಾ ತೆಗದ್ರ ಇಬ್ರೂ ಒಳಗ! ನನಗ ಓದಾಕ ಬರಂಗಿಲ್ಲ ಬೇಟಾ. ಸುಮ್ನ ತೆಗದು ವಾಸ್ನಿ ನೋಡ್ತಿದ್ದೆ. ಆಕಿ ಸೀರಿ ವಾಸ್ನಿ ಬರ್ತದ."

ಜೀವರತ್ನ ಎರಡೂ ಕೈ ಚಾಚಿ ಗಂಟನ್ನು ತೆಗೆದುಕೊಂಡ. "ಅವ್ವಗ ಯಾವುದು ಭಾಳ ಸೇರ್ತಿತ್ತು ಚಾಚೀ? ಸಂಜೀಕ ಓದ್ಬೇಕು," ಅಂದ. ಅಷ್ಟು ಕೇಳುವಾಗ ನಾಚಿಕೆಯಾಯಿತು. ಬಳೆ ಮಾರುವಾಕೆಗೆ ಗೊತ್ತಿರುವುದು ಹೆತ್ತ ಮಗನಿಗೆ ಗೊತ್ತಿರಲಿಲ್ಲ.

"ಹಾಳಿ ನೋಡು, ತಿಳೀತದ. ಎಲ್ಲಿ ಹೆಚ್ಚು ಹೊಲಸಾಗ್ಯದೋ ಅದೇ. ಮಗಾ ತಿರುಗಿ ಬಂದದ್ದು. ನಮ್ಮ ಮನ್ಯಾಗ ಹೇಳ್ವಾಗ ಅಪ್ಪ ಈದ್ ಹಬ್ಬದ ಖೀರು, ಶೀರ್ ಖುರ್ಮಾ, ಮಾಡಿಸ್ತಿದ್ದ."

ಬೀದರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವನು ಮೊದಲ ಸಲ ಅವ್ವನ ಬೈಬಲ್ಲನ್ನು ತೊಡೆಯ ಮೇಲೆ ಬಿಚ್ಚಿದ. ಆ ಹಾಳೆ ತಾನಾಗಿಯೇ ತೆರೆದುಕೊಂಡಿತು. ಅಂಚಿಗೆ ಅರಿಶಿನ, ಎಣ್ಣೆ, ಯಾರದೋ ಮಗುವಿನ ಬೆರಳಿನ ಗುರುತು. ಅವನು ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಕರು ಅಲ್ಲೇ ಇತ್ತು. ಹೋಳಿಗೆ ಎಲ್ಲೂ ಇರಲಿಲ್ಲ, ಶೀರ್ ಖುರ್ಮಾನೂ ಇರಲಿಲ್ಲ. ಅವನಿಗೆ ನಗು ಬಂತು. ನಗುತ್ತ ನಗುತ್ತ ಕಣ್ಣು ಮಸುಕಾಗಿ ಅಕ್ಷರ ಕಾಣದಾಯಿತು. ಜರಿಯ ಶೇರ್ವಾನಿ ತೊಟ್ಟು ಒಬ್ಬನೇ ಅಳುತ್ತಿದ್ದವನನ್ನು ನೋಡಿ ಪಕ್ಕದ ರೈತ ಬೆನ್ನು ತಟ್ಟಿದ.

"ಲಗ್ನ ಮುರೀತೇನ್ರಿ? ಹೋಗ್ಲಿ ಬಿಡ್ರಿ, ಮತ್ತೊಂದ್ ಸಿಗ್ತದ."

ಕಣ್ಣೊರೆಸಿಕೊಂಡು ಜೀವರತ್ನ ಬೀದರ ಬರುವವರೆಗೆ ಆ ಅಧ್ಯಾಯವನ್ನು ಮತ್ತೆ ಮತ್ತೆ ಓದಿ ರೂಢಿ ಮಾಡಿಕೊಂಡ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ದನಿ ಏರಿಸಬೇಕು, ಎಲ್ಲ ಗೊತ್ತು ಮಾಡಿಕೊಂಡ. ಪುಸ್ತಕ ಎದುರಿಗಿದ್ದರೆ ಇನ್ನು ಹೆದರಿಕೆಯಿಲ್ಲ.

ಚರ್ಚು ತುಂಬಿತ್ತು. ಬಾಗಿಲಲ್ಲಿ ಶೇರ್ವಾನಿ ಕಾಣಿಸಿದ್ದೇ ಹಾರ್ಮೋನಿಯಂ ನಿಂತಿತು. ಸಲೋಮಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಜೀವರತ್ನ ಅದೊಂದನ್ನೂ ನೋಡಲಿಲ್ಲ. ಅವನು ನೋಡಿದ್ದು ಹಿಂದಿನ ಸಾಲಿನಲ್ಲಿ ಕೋಲು ಹಿಡಿದು ಕೂತ ಕೌಸಲ್ಯಾಬಾಯಿಯನ್ನು. ಆಕೆಯ ಎಡಕ್ಕೆ ವೀರಭದ್ರ, ಬಲಕ್ಕೆ ಶಿವರಾಜಪ್ಪ. ಪುಸ್ತಕದ ಬಾಯಿಯ ನೆನಪಿನ ಪ್ರಾರ್ಥನೆಯಿದೆ ಎಂದು ಮಗಳು ಅನುಸೂಯಾಬಾಯಿ ಫೋನು ಮಾಡಿದ್ದೇ ತಡ, ಮೂವರೂ ಒಂದೇ ಜೀಪಿನಲ್ಲಿ ಬಂದಿದ್ದರು.

ಪಾಸ್ಟರ್ ಅವನ ಕೈಯಿಂದ ಬೈಬಲ್ಲನ್ನು ಭಕ್ತಿಯಿಂದ ತೆಗೆದುಕೊಂಡು, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲಿಟ್ಟು, ಮುಚ್ಚಿದರು.

"ಕಡೀ ದಿನದಾಗ ಅಮ್ಮಾರಿಗಿ ಕಣ್ಣು ಕಾಣ್ತಿರ್ಲಿಲ್ಲ. ಪುಸ್ತಕ ಮುಚ್ಚಿ ತೊಡಿ ಮ್ಯಾಲ ಇಟ್ಕೊಂಡು ಬಾಯಿಲೇ ಹೇಳ್ತಿದ್ರು. ಅವ್ರ ಮಗಾ ಒಂದ್ ವರ್ಷದಿಂದ ದಿನಾ ಓದ್ಯಾನ. ಅವ್ನಿಗೂ ಪುಸ್ತಕ ಯಾಕ? ಅಮ್ಮಾರ ಹಾಂಗೇ ಬಾಯಿಲೇ ಹೇಳ್ಲಿ!"

ಜೀವರತ್ನ ಮುಚ್ಚಿದ ಪುಸ್ತಕದ ಕಡೆ ನೋಡಿದ, ತಿರುಪತಿಗೆ ಹೋಗುವ ರೈಲು ತಪ್ಪಿಸಿಕೊಂಡವನ ಹಾಗೆ. ಬಸ್ಸಿನಲ್ಲಿ ರೂಢಿ ಮಾಡಿದ್ದ ವಾಕ್ಯಗಳೆಲ್ಲ ಬಸ್ಸಿನ ಜೊತೆಗೇ ಡಿಪೋ ಸೇರಿದ್ದವು. ಉಳಿದದ್ದು ಕತೆ ಮಾತ್ರ. ಅದನ್ನೇ ಹಿಡಿದುಕೊಂಡ. ಒಬ್ಬ ಅಪ್ಪ, ಇಬ್ಬರು ಮಕ್ಕಳು. ಕಿರಿಯ ಮನೆ ಬಿಟ್ಟ, ಹಸಿದ, ನಾಚಿಕೊಂಡು ತಿರುಗಿ ಹೊರಟ. ಈ ಸಲ ಬಾವಿಯೂ ಬರಲಿಲ್ಲ, ಮೀನೂ ಬರಲಿಲ್ಲ. ದಾರಿ ನೋಡುತ್ತ ಕೂತ ಅಪ್ಪನ ಬಗ್ಗೆ ಹೇಳುವಾಗ ಅವನ ದನಿ ತಾನಾಗಿಯೇ ಇಳಿಯಿತು. ಅಪ್ಪ ಓಡಿ ಬಂದು ಮಗನನ್ನು ಅಪ್ಪಿಕೊಂಡ. ಆಳುಗಳನ್ನು ಕರೆದ.

"ಅಪ್ಪ ಏನ್ ಹೇಳ್ದ ಅಂದ್ರ..."

ಎದುರಿಗೆ ಪಾಸ್ಟರ್. ಹಿಂದಿನ ಸಾಲಿನಲ್ಲಿ ವೀರಭದ್ರ ಮುಂದಕ್ಕೆ ಬಾಗಿದ. ಶಿವರಾಜಪ್ಪ ತೋಳು ಏರಿಸಿದ.

"...ಹೂರಣಾ ರುಬ್ರಿ, ಹೋಳಿಗಿ ಮಾಡ್ರಿ, ತುಪ್ಪಾ ಸುರೀರಿ ಅಂದ!"

ಪಾಸ್ಟರರ ಬಾಯಿ ತೆರೆಯಿತು. ಆದರೆ ಮಾತು ಹೊರಡುವ ಮೊದಲೇ ಹೆಂಗಸರ ಸಾಲಿನಲ್ಲಿ ಒಬ್ಬ ಮುದುಕಿ ಗಟ್ಟಿಯಾಗಿ ಅತ್ತಳು. "ಎಸ್ತೇರಬಾಯೀನೇ! ಹೋಳಿಗಿ ಮನ್ಯಾಗ ಹೋಳಿಗಿ, ಖೀರಿನ ಮನ್ಯಾಗ ಖೀರು! ಆಕೀನೇ ಬಂದು ಹೇಳ್ದಂಗಾತು!" ಇನ್ನೊಬ್ಬಳು ಅತ್ತಳು. ಮತ್ತೊಬ್ಬಳು ನಕ್ಕಳು. ಕೌಸಲ್ಯಾಬಾಯಿ ಕೋಲಿನಿಂದ ನೆಲ ಕುಟ್ಟಿ, "ಈಗ ಸರಿ ಹೇಳ್ದ ನೋಡ್ರಿ!" ಅಂದಳು.

ಜೀವರತ್ನನಿಗೆ ಜೀವ ಬಂತು. ಅವನಿಗೆ ಉಳಿದಿದ್ದ ಆಸೆ ಒಂದೇ: ಬೈಬಲ್ಲನ್ನು ಚರ್ಚಿನ ಗಾಜಿನ ಕಪಾಟಿನಲ್ಲಿ ಇರಿಸಿ, ಮನೆಗೆ ಹೋಗಿ, ಮುಂದಿನ ರಜೆಗಳನ್ನೆಲ್ಲ ಕೌದಿಯೊಳಗೆ ಕಳೆಯುವುದು. ಅದನ್ನು ಹೇಳಲು ಬಾಯಿ ತೆರೆದ. ಪಾಸ್ಟರ್ ಅವನ ಭುಜ ಹಿಡಿದು ಸಭೆಯತ್ತ ತಿರುಗಿಸಿದರು.

"ಅಮ್ಮಾರು ಹೋದ ಮ್ಯಾಲ ಆ ಹಳ್ಳಿಗಳಿಗಿ ಯಾರನ್ನ ಕಳ್ಸಬೇಕು ಅಂತ ವರ್ಷದಿಂದ ಹುಡುಕ್ಲತ್ತಿದ್ವಿ. ಇವತ್ತು ಇವ್ರು ಭಾಲ್ಕ್ಯಾಗ ಒಂದ್ ಕತಿ ಹೇಳಿ ಅಣ್ಣತಮ್ಮರನ್ನ ಕೂಡ್ಸ್ಯಾರ. ಔರಾದದಾಗ ಒಂದ್ ಹೆರಿಗೀನೇ ಮಾಡ್ಸಿ ಬಂದಾರಂತ, ಅಲ್ಲಿಂದ ಫೋನ್ ಬಂದಿತ್ತು! ಬರೋ ಶನಿವಾರದಿಂದ ಪ್ರತೀ ಶನಿವಾರ ಭಾಲ್ಕಿ, ಔರಾದ, ಕಮಲನಗರ, ಎಲ್ಲಾ ಕಡಿ ಈ ಬೈಬಲ್ ತಗೊಂಡು ಜೀವರತ್ನರೇ ಹೋಗ್ತಾರ. ಪ್ರಾರ್ಥನಿ ಮಾಡೋಣು."

ಎಲ್ಲರೂ ಕಣ್ಣು ಮುಚ್ಚಿದರು. ಜೀವರತ್ನ ಮಾತ್ರ ಕಣ್ಣು ಬಿಟ್ಟುಕೊಂಡು, ಪ್ರಾರ್ಥನೆಯಲ್ಲಿ ಎಲ್ಲಾದರೂ ಸಂದು ಸಿಗುವುದೇನೋ ಎಂದು ಕಾದ. ಕೊನೆಗೆ ಪಾಸ್ಟರ್ ಉಸಿರು ತೆಗೆದುಕೊಳ್ಳಲು ನಿಂತರು.

"ಪಾಸ್ಟರ್ರ, ಶನಿವಾರ ಅಂದ್ರ ನಂದು ಮೊಣಕಾಲು—"

"ಆಮೆನ್!" ಎಂದಿತು ಸಭೆ. ಎಲ್ಲರಿಗಿಂತ ಜೋರಾಗಿ ಕೂಗಿದವಳು ಸಲೋಮಿ.